ಡೊಮೇನಿನ ಪಹಣಿ ಯಾರ ಹೆಸರಿನಲ್ಲಿದೆ? ಹತ್ತಾರು ಶಾಖೆಗಳ ಸಂಸ್ಥೆಯ ಮುಂದಿರುವ ದಾರಿಗಳು

ಆಶ್ಲೇಷ ಮಳೆ ಹಿಡಿದು ಕೂತಿದ್ದ ಒಂದು ಬೆಳಿಗ್ಗೆ ಹೊಸನಗರ ಕಡೆಯ ಹಿರಿಯ ಸದಸ್ಯರೊಬ್ಬರು ನಮ್ಮ ಸಹಕಾರ ಸಂಘದ ಮುಖ್ಯ ಕಚೇರಿಗೆ ಫೋನ್ ಮಾಡಿದರು. “ಏನು ಮಾರಾಯರೇ ಇದು? ಅಡಿಕೆ ಧಾರಣೆ ನೋಡೋಣವೆಂದು ಪಾಸ್‌ಪುಸ್ತಕದ ಹಿಂದೆ ಅಚ್ಚಾಗಿರುವ ವಿಳಾಸವನ್ನೇ ಒತ್ತಿದೆ. ಇಸ್ಪೀಟಿಗೆ ದುಡ್ಡು ಹಾಕಿ ಎನ್ನುತ್ತಿದೆ.” ಅದೇ ವಿಳಾಸವನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದೆ. ಹಸಿರು ಮೇಜು, ಅದರ ಮೇಲೆ ಹರಡಿದ ಎಲೆಗಳು. ಬ್ರೌಸರಿನ ತಲೆಪಟ್ಟಿಯಲ್ಲಿ ಮಾತ್ರ ಇನ್ನೂ ನಮ್ಮ ಸಂಘದ ಹೆಸರೇ ಇತ್ತು.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಬರವಣಿಗೆ ಬದಲಾಯಿತಲ್ಲ, ಆಗ ‘ಶಿಮೊಗ’ ಎಂದು ಓದಿಸಿಕೊಳ್ಳುತ್ತಿದ್ದ ನಮ್ಮ ಊರೂ ಇಂಗ್ಲಿಷಿನಲ್ಲಿ ಶಿವಮೊಗ್ಗವಾಯಿತು. ಸಂಘವೂ ಹೊಸ ಕಾಗುಣಿತದ ಡೊಮೇನ್, ಅಂದರೆ ಜಾಲತಾಣದ ವಿಳಾಸದ ಹೆಸರು, ಕೊಂಡಿತು. ಹಳೆಯದನ್ನು ಕೆಲವು ವರ್ಷ ಉಳಿಸಿಕೊಂಡು, ಆಮೇಲೆ ಯಾರೂ ನವೀಕರಿಸಲಿಲ್ಲ. ನವೀಕರಣದ ನೆನಪೋಲೆಗಳು ಬರುತ್ತಿದ್ದದ್ದು ಜಾಲತಾಣ ಮಾಡಿಕೊಟ್ಟಿದ್ದ ಹುಡುಗನ ಇಮೇಲಿಗೆ. ಅವನು ಬೆಂಗಳೂರು ಸೇರಿ ಎಷ್ಟೋ ಕಾಲವಾಗಿತ್ತು. ಮೋಸ ಮಾಡುವ ಮನಸ್ಸು ಯಾರಲ್ಲೂ ಇರಲಿಲ್ಲ. ಆದರೆ ಸಂಘದ ಹೆಸರು ಸಂಘದ ಹೆಸರಿನಲ್ಲಿ ಇರಲೇ ಇಲ್ಲ.

ತೋಟದ ವಿಷಯದಲ್ಲಿ ಈ ತಪ್ಪನ್ನು ಮಲೆನಾಡಿನಲ್ಲಿ ಯಾರೂ ಮಾಡುವುದಿಲ್ಲ. ಅಜ್ಜ ತೀರಿಕೊಂಡರೆ ಪೌತಿ ಖಾತೆ ಮಾಡಿಸುತ್ತೇವೆ, ಪಹಣಿಯ ಕಾಲಂಗಳನ್ನು ಕನ್ನಡಕ ಹಾಕಿಕೊಂಡು ಓದುತ್ತೇವೆ. ಸಾವಿರಾರು ಜನ ನಂಬಿ ಬರುವ ಡೊಮೇನಿಗೆ ಮಾತ್ರ ಪಹಣಿ ಇದೆಯೆಂಬುದೇ ನಮಗೆ ಹೊಳೆಯುವುದಿಲ್ಲ. ಸಹಕಾರ ಸಂಘ, ಶಿಕ್ಷಣ ಟ್ರಸ್ಟ್, ಆಸ್ಪತ್ರೆ, ಸಾಗಣೆ ಕಂಪನಿ ಹೀಗೆ ಹಲವು ಊರುಗಳಲ್ಲಿ ಶಾಖೆಯಿರುವ ಸಂಸ್ಥೆಗಳಲ್ಲಿ ಈ ಕೆಲಸ ಹೊತ್ತವರಿಗಾಗಿ, ನಮ್ಮ ಅನುಭವದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಮೊದಲು ಸರ್ವೆ

ಯಾವ ದಾರಿ ಹಿಡಿಯುವುದಿದ್ದರೂ ನಿಮ್ಮ ಬಳಿ ಏನಿದೆ ಎಂಬುದು ಮೊದಲು ಗೊತ್ತಾಗಬೇಕು. ನಮ್ಮ ಲೆಕ್ಕದಲ್ಲಿ ನಾಲ್ಕು ಡೊಮೇನ್‌ಗಳಿದ್ದವು. ಹುಡುಕಿದಾಗ ಸಿಕ್ಕಿದ್ದು ಹದಿನೇಳು. ತೀರ್ಥಹಳ್ಳಿ ಶಾಖೆ ಹರಾಜಿನ ಪ್ರಕಟಣೆಗೆಂದು ಕೊಂಡದ್ದು, ಯಾವುದೋ ವರ್ಷದ ಸುವರ್ಣ ಮಹೋತ್ಸವಕ್ಕೆ ಕೊಂಡದ್ದು, ಗೊಬ್ಬರ ವಿಭಾಗದ ಮ್ಯಾನೇಜರ್ ತಮ್ಮ ಸ್ವಂತ ಕಾರ್ಡಿನಿಂದ ಹಣ ಕಟ್ಟಿ ಕೊಂಡು, ನಿವೃತ್ತರಾದ ಮೇಲೂ ಪ್ರೀತಿಯಿಂದ ನವೀಕರಿಸುತ್ತ ಬಂದದ್ದು.

ಹುಡುಕಲು ಎರಡು ಮೂಲಗಳು ಸಾಕು. ಒಂದು, ಲೆಕ್ಕಪತ್ರ ವಿಭಾಗ. ಐದು ವರ್ಷದ ವೋಚರುಗಳಲ್ಲಿ ‘ವೆಬ್‌ಸೈಟ್ ಖರ್ಚು’ ಎಂದು ಬರೆದದ್ದನ್ನೆಲ್ಲ ತೆಗೆಸಿ. ಇನ್ನೊಂದು, ಪ್ರಮಾಣಪತ್ರಗಳ ಸಾರ್ವಜನಿಕ ದಾಖಲೆ. ಬ್ರೌಸರಿನಲ್ಲಿ ಬೀಗದ ಗುರುತು ಬರಲು ಬೇಕಾದ ಡಿಜಿಟಲ್ ಪ್ರಮಾಣಪತ್ರ ಯಾವ ಹೆಸರಿಗೆ ಕೊಟ್ಟರೂ ಅದು ಎಲ್ಲರಿಗೂ ಕಾಣುವ ದಾಖಲೆಯಲ್ಲಿ ಸೇರಬೇಕೆಂದು 2018ರ ಏಪ್ರಿಲ್ ಕೊನೆಯಿಂದ ಕ್ರೋಮ್ ಬ್ರೌಸರ್ ಪಟ್ಟು ಹಿಡಿದಿದೆ. ಆ ದಾಖಲೆಯಲ್ಲಿ ಸಂಸ್ಥೆಯ ಹೆಸರನ್ನು ಹುಡುಕಿದರೆ ಯಾರೂ ನೆನಪಿಟ್ಟುಕೊಳ್ಳದ ಸಬ್‌ಡೊಮೇನ್‌ಗಳೂ, ಅಂದರೆ ಡೊಮೇನಿನ ಮುಂದೆ ಇನ್ನೊಂದು ಪದ ಸೇರಿಸಿ ಮಾಡಿದ ಉಪವಿಳಾಸಗಳೂ, ಎದ್ದು ಬರುತ್ತವೆ.

ಸಿಕ್ಕ ಪ್ರತಿಯೊಂದರ ನೋಂದಣಿ ವಿವರವನ್ನು ಆರ್‌ಡಿಎಪಿ ಎಂಬ ಸೇವೆಯಲ್ಲಿ ನೋಡಬಹುದು. ಹಳೆಯ ‘ಹೂಈಸ್’ ಸೇವೆಯ ಜಾಗಕ್ಕೆ ಈಗ ಬಂದಿರುವುದು ಇದೇ. ಡಾಟ್ ಕಾಮ್‌ನಂಥ ಸಾಮಾನ್ಯ ಡೊಮೇನ್‌ಗಳಿಗೆ ಹೂಈಸ್ ನಡೆಸುವ ಕಡ್ಡಾಯ 2025ರ ಜನವರಿ 28ಕ್ಕೆ ಮುಗಿಯಿತು. ವ್ಯಕ್ತಿಗಳ ವಿವರ ಈಗ ಹೆಚ್ಚಾಗಿ ಮರೆಯಾಗಿರುತ್ತದೆ. ಆದರೆ ಯಾವ ಕಂಪನಿಯಲ್ಲಿ ನೋಂದಣಿಯಾಗಿದೆ, ಅವಧಿ ಎಂದಿಗೆ ಮುಗಿಯುತ್ತದೆ, ವರ್ಗಾವಣೆಗೆ ಬೀಗ ಇದೆಯೇ ಎಂಬುದು ಕಾಣುತ್ತದೆ. ನಾವು ಇದನ್ನೆಲ್ಲ ಒಂದು ದೊಡ್ಡ ರಿಜಿಸ್ಟರ್ ಪುಸ್ತಕದಲ್ಲಿ ಕೈಯಲ್ಲಿ ಬರೆದೆವು, ಕಂಪ್ಯೂಟರಿನಲ್ಲೂ ಇಟ್ಟೆವು. ಪುಸ್ತಕ ಏಕೆಂದರೆ ಆಡಳಿತ ಮಂಡಳಿಯವರು ಪುಟ ತಿರುಗಿಸಿ ನೋಡುತ್ತಾರೆ, ನೋಡಿ ಪ್ರಶ್ನೆ ಕೇಳುತ್ತಾರೆ.

ಮೂರು ದಾರಿಗಳು

ಮೊದಲನೆಯದು ಬಿಡಿ ಹಿಡುವಳಿ. ಪ್ರತಿ ಶಾಖೆ, ಪ್ರತಿ ವಿಭಾಗ ತನಗೆ ಬೇಕಾದ ಡೊಮೇನನ್ನು ತಾನೇ ಕೊಂಡು ತಾನೇ ನಡೆಸುವುದು. ಹೆಚ್ಚಿನ ಸಂಸ್ಥೆಗಳು ಇದನ್ನು ಆಯ್ದುಕೊಂಡು ಇಲ್ಲಿಗೆ ಬಂದಿರುವುದಿಲ್ಲ. ಯಾರೂ ಏನೂ ತೀರ್ಮಾನಿಸದಿದ್ದರೆ ತಾನಾಗಿಯೇ ಬೆಳೆಯುವ ಪದ್ಧತಿ ಇದು. ಆದರೂ ಇದನ್ನು ಪೂರ್ತಿ ತಳ್ಳಿಹಾಕಲಾರೆ. ಬೇಕೆಂದಾಗ ಕೆಲಸವಾಗುತ್ತದೆ. ಒಂದು ಶಾಖೆಯ ಹೆಸರಿಗೆ ತೊಂದರೆಯಾದರೆ ಉಳಿದ ಶಾಖೆಗಳು ಉಳಿದುಕೊಳ್ಳುತ್ತವೆ. ಕಾನೂನಿನಲ್ಲಿಯೇ ಬೇರೆ ಬೇರೆಯಾದ ಸಂಸ್ಥೆಗಳು ಒಂದೇ ಆಡಳಿತದ ನೆರಳಿನಲ್ಲಿದ್ದರೆ, ಉದಾಹರಣೆಗೆ ಒಂದು ಟ್ರಸ್ಟಿನ ಕಾಲೇಜು ಮತ್ತು ಅದರ ಮುದ್ರಣಾಲಯ, ಅವುಗಳ ಹೆಸರು ಬೇರೆಯಾಗಿರುವುದೇ ಸರಿ. ಮುಂದೊಂದು ದಿನ ಮುದ್ರಣಾಲಯವನ್ನು ಮಾರಿದರೂ ಕಾಲೇಜಿನ ವಿಳಾಸ ಅಲುಗಾಡುವುದಿಲ್ಲ.

ಕಷ್ಟವೆಲ್ಲ ಜನರ ಕಡೆಯಿಂದ ಆಲೋಚಿಸಿದಾಗ ಕಾಣುತ್ತದೆ. ಹತ್ತು ಶಾಖೆಗೆ ಹತ್ತು ಬಗೆಯ ವಿಳಾಸವಿದ್ದರೆ, ಹನ್ನೊಂದನೆಯದನ್ನು ವಂಚಕ ಹುಟ್ಟುಹಾಕಿದಾಗ ಸದಸ್ಯ ಗುರುತಿಸುವುದು ಹೇಗೆ? ‘ನಮ್ಮ ವಿಳಾಸ ಹೀಗೆ ಕೊನೆಯಾಗುತ್ತದೆ, ಬೇರೆ ಯಾವುದನ್ನೂ ನಂಬಬೇಡಿ’ ಎಂಬ ಒಂದೇ ಸಾಲಿನ ಎಚ್ಚರಿಕೆಯನ್ನು ಇಂಥ ಸಂಸ್ಥೆ ಕೊಡಲಾರದು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕೊರತೆ ಬೇರೊಂದಿಲ್ಲ.

ಎರಡನೆಯದು ಒಟ್ಟು ಕುಟುಂಬದ ಪದ್ಧತಿ. ಎಲ್ಲ ಡೊಮೇನ್‌ಗಳೂ ಮುಖ್ಯ ಕಚೇರಿಯ ಖಾತೆಯಲ್ಲಿ, ಎಲ್ಲ ಬದಲಾವಣೆಯೂ ಮುಖ್ಯ ಕಚೇರಿಯ ಕೈಯಿಂದ. ಶಾಖೆಗಳಿಗೆ ಮುಖ್ಯ ಡೊಮೇನಿನ ಕೆಳಗೆ ಒಂದೊಂದು ಸಬ್‌ಡೊಮೇನ್. ನೋಡಲು ಅಚ್ಚುಕಟ್ಟು, ನವೀಕರಣದ ಹೊಣೆ ಒಂದೇ ಕಡೆ, ಸದಸ್ಯರಿಗೆ ಒಂದೇ ಗುರುತು. ನಾವು ಪೆಟ್ಟು ತಿಂದ ಮೇಲೆ ಮೊದಲು ಹಾರಿದ್ದು ಇದಕ್ಕೇ. ಎಂಟು ತಿಂಗಳೊಳಗೆ ಕಟ್ಟಿಕೊಂಡಿತು. ಸಾಗರ ಶಾಖೆಗೆ ಒಂದು ಸಣ್ಣ ಪುಟದ ವಿಳಾಸ ಬೇಕಿತ್ತು. ಪತ್ರ ಬರೆದರು, ಪತ್ರ ನಮ್ಮ ಮೇಜಿಗೆ ಬಂತು. ನಾನು ರಜೆಯಲ್ಲಿದ್ದೆ. ಮೂರು ವಾರ ಕಾದು, ಅವರು ತಾವೇ ಒಂದು ಹೊಸ ಡೊಮೇನ್ ಕೊಂಡು ಕೆಲಸ ಮುಗಿಸಿಕೊಂಡರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ಹರಾಜಿನ ದಿನ ನನ್ನ ರಜೆ ಮುಗಿಯಲಿ ಎಂದು ಕಾಯುವುದಿಲ್ಲ. ಎಲ್ಲವನ್ನೂ ಬಿಗಿಹಿಡಿದ ಕಚೇರಿ ನಿಧಾನವಾದರೆ, ಅದರ ಬೆನ್ನ ಹಿಂದೆ ಬಿಡಿ ಹಿಡುವಳಿ ಮತ್ತೆ ಚಿಗುರುತ್ತದೆ. ಈ ಸಲ ಯಾವ ಲೆಕ್ಕಕ್ಕೂ ಸಿಗದಂತೆ ಚಿಗುರುತ್ತದೆ.

ಮೂರನೆಯದನ್ನು ನಾವು ‘ಖಾತೆ ಒಂದು, ಸಾಗುವಳಿ ಹಲವು’ ಎಂದು ಕರೆದುಕೊಂಡಿದ್ದೇವೆ. ಡೊಮೇನಿನ ಒಡೆತನ, ನವೀಕರಣ, ಬೀಗ, ಇಮೇಲ್ ನೀತಿ ಇವಿಷ್ಟು ಮುಖ್ಯ ಕಚೇರಿಯದು. ಸಬ್‌ಡೊಮೇನಿನ ಒಳಗೆ ಏನು ನಡೆಯಬೇಕೆಂಬುದು ಶಾಖೆಯದು. ಯಾವ ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಡಿಎನ್‌ಎಸ್ ಎಂಬ ದಾಖಲೆಯಲ್ಲಿ ಇದಕ್ಕೆ ಸಹಜವಾದ ವ್ಯವಸ್ಥೆಯೇ ಇದೆ. ಮುಖ್ಯ ವಲಯದಲ್ಲಿ, ಅಂದರೆ ಮುಖ್ಯ ಡೊಮೇನಿನ ದಾಖಲೆಗಳ ಪಟ್ಟಿಯಲ್ಲಿ, ಶಾಖೆಯ ಹೆಸರಿಗೆ ‘ಇದರ ವಿವರ ಇಂಥ ಸರ್ವರಿನಲ್ಲಿ ಕೇಳಿ’ ಎನ್ನುವ ಎನ್‌ಎಸ್ ದಾಖಲೆ ಬರೆದು ಅದರ ಕೆಳಗಿನ ವಲಯವನ್ನು ಪೂರ್ತಿ ಅವರಿಗೆ ಒಪ್ಪಿಸಬಹುದು. ಅಷ್ಟು ತಿಳಿದವರು ಶಾಖೆಯಲ್ಲಿ ಇಲ್ಲದಿದ್ದರೆ, ಹೆಚ್ಚಿನ ಡಿಎನ್‌ಎಸ್ ಸೇವೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಲಯವನ್ನಷ್ಟೇ ತಿದ್ದುವ ಅನುಮತಿ ಕೊಡಬಹುದು. ಒಪ್ಪಿಸಿದ್ದನ್ನು ಒಂದು ಸಾಲು ಅಳಿಸಿ ಹಿಂತೆಗೆದುಕೊಳ್ಳಲೂ ಬರುತ್ತದೆ. ಗೇಣಿದಾರ ತೋಟ ಮಾಡುತ್ತಾನೆ, ಖಾತೆ ಬದಲಾಗುವುದಿಲ್ಲ.

ಇದರಲ್ಲೂ ಅಪಾಯವಿದೆ. ಮುಖ್ಯ ಡೊಮೇನ್ ಬಿದ್ದರೆ ಎಲ್ಲರೂ ಒಟ್ಟಿಗೆ ಬೀಳುತ್ತಾರೆ. ಅದಕ್ಕಾಗಿ ಅದರ ಕಾವಲು ದುಪ್ಪಟ್ಟು ಇರಬೇಕು. ಇನ್ನೊಂದು, ಶಾಖೆಯವರು ಬಿಟ್ಟುಹೋದ ಸಬ್‌ಡೊಮೇನ್. ನಮ್ಮ ಒಂದು ಶಾಖೆ ಬೆಳೆಗಾರರ ಸಮಾವೇಶಕ್ಕೆಂದು ಹೊರಗಿನ ಕ್ಲೌಡ್ ಸೇವೆಯಲ್ಲಿ ಪುಟ ಮಾಡಿ, ನಮ್ಮ ಸಬ್‌ಡೊಮೇನನ್ನು ಅತ್ತ ತಿರುಗಿಸಿತ್ತು. ಸಮಾವೇಶ ಮುಗಿಯಿತು, ಕ್ಲೌಡ್ ಖಾತೆ ಮುಚ್ಚಿದರು, ಡಿಎನ್‌ಎಸ್‌ನಲ್ಲಿ ಆ ಸಾಲು ಹಾಗೇ ಉಳಿಯಿತು. ದನ ಹೊಡೆದುಕೊಂಡು ಹೋದವರು ಬೇಲಿಯ ದಣಪೆ ಹಾಕದೇ ಹೋದ ಹಾಗೆ. ಅದೇ ಕ್ಲೌಡ್ ಸೇವೆಯಲ್ಲಿ ಅದೇ ಹೆಸರಿನ ಜಾಗವನ್ನು ಹೊರಗಿನ ಯಾರಾದರೂ ಪಡೆದರೆ ನಮ್ಮ ವಿಳಾಸದಲ್ಲಿ ಅವರ ಪುಟ ತೆರೆದುಕೊಳ್ಳುತ್ತದೆ, ಬೀಗದ ಗುರುತಿನ ಸಮೇತ. ನಾವು ಮೂರು ತಿಂಗಳಿಗೊಮ್ಮೆ ಎಲ್ಲ ಸಾಲುಗಳನ್ನೂ ಓದಿ, ತುದಿಯಲ್ಲಿ ಏನೂ ಇಲ್ಲದ್ದನ್ನು ಅಳಿಸುತ್ತೇವೆ. ಜಾಲತಾಣ ಮುಚ್ಚುವಾಗ ಮೊದಲು ಡಿಎನ್‌ಎಸ್ ಸಾಲು ತೆಗೆಯಬೇಕು, ಆಮೇಲೆ ಕ್ಲೌಡ್ ಖಾತೆ ಮುಚ್ಚಬೇಕು. ಈ ಅನುಕ್ರಮವನ್ನು ಸುತ್ತೋಲೆಯಲ್ಲಿ ಬರೆದು ಕಳುಹಿಸಿದ್ದೇವೆ.

ಮೂರರಲ್ಲಿ ಯಾವುದು? ನಾಲ್ಕೈದು ಶಾಖೆಗಳ ಸಂಸ್ಥೆಯಾಗಿದ್ದು, ಕಂಪ್ಯೂಟರ್ ಕೆಲಸಕ್ಕೆ ಒಬ್ಬರೇ ಇದ್ದರೆ ಎರಡನೆಯದೇ ಸಾಕು. ಮೂರನೆಯದರ ಅನುಮತಿಗಳನ್ನು ನಿಭಾಯಿಸುವ ಶ್ರಮ ಅಲ್ಲಿ ವ್ಯರ್ಥ. ಹತ್ತು ಶಾಖೆ ದಾಟಿದರೆ, ಅಥವಾ ಶಾಖೆಗಳಿಗೆ ತಮ್ಮದೇ ದಿನನಿತ್ಯದ ಪ್ರಕಟಣೆಗಳಿದ್ದರೆ, ಮೂರನೆಯದನ್ನು ಹಿಡಿಯಿರಿ ಎಂದು ಧೈರ್ಯವಾಗಿ ಹೇಳುತ್ತೇನೆ. ಆದರೆ ಒಂದು ಕರಾರಿದೆ. ಶಾಖೆ ಕೇಳಿದ ಹೊಸ ಸಬ್‌ಡೊಮೇನನ್ನು ಮುಖ್ಯ ಕಚೇರಿ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಆ ಮಾತು ಉಳಿಸಿಕೊಳ್ಳಲಾಗದಿದ್ದರೆ ಯಾವ ಸುತ್ತೋಲೆಯೂ ನಿಲ್ಲುವುದಿಲ್ಲ.

ಯಾರ ಬಳಿ ನೋಂದಾಯಿಸುವುದು

ಇಲ್ಲಿಯೂ ಮೂರು ಬಗೆಯವರಿದ್ದಾರೆ. ಊರಿನಲ್ಲಿಯೇ ಜಾಲತಾಣ ಮಾಡಿಕೊಡುವವರು, ಡೊಮೇನ್ ನೋಂದಾಯಿಸಿ ನೇರವಾಗಿ ಮಾರುವ ದೊಡ್ಡ ರಿಜಿಸ್ಟ್ರಾರ್ ಕಂಪನಿಗಳು, ಮಾರ್ಕ್‌ಮಾನಿಟರ್, ಸಿಎಸ್‌ಸಿಯಂಥ ಉದ್ಯಮಗಳಿಗೆಂದೇ ಇರುವ ರಿಜಿಸ್ಟ್ರಾರ್‌ಗಳು.

ಊರಿನವರ ಬಗ್ಗೆ ನನಗೆ ಗೌರವವಿದೆ. ಕರೆದರೆ ಮಳೆಯಲ್ಲೂ ಬೈಕು ಹತ್ತಿ ಬರುತ್ತಾರೆ, ಕನ್ನಡದಲ್ಲಿ ವಿವರಿಸುತ್ತಾರೆ. ಜಾಲತಾಣದ ಕೆಲಸವನ್ನು ಅವರಿಗೇ ಕೊಡಿ. ಡೊಮೇನನ್ನು ಮಾತ್ರ ಅವರ ಖಾತೆಯಲ್ಲಿ ಕೊಳ್ಳಲು ಬಿಡಬೇಡಿ. ಖಾತೆ ಸಂಸ್ಥೆಯ ಹೆಸರಿನಲ್ಲಿರಲಿ, ನೋಂದಣಿಯ ‘ಸಂಸ್ಥೆ’ ಎಂಬ ಅಂಕಣದಲ್ಲಿ ಸಂಸ್ಥೆಯ ಪೂರ್ಣ ಹೆಸರಿರಲಿ, ಹಣ ಸಂಸ್ಥೆಯ ಬ್ಯಾಂಕ್ ಖಾತೆಯಿಂದ ಹೋಗಲಿ. ಈಗಾಗಲೇ ಅವರ ಖಾತೆಯಲ್ಲಿದ್ದರೆ ವರ್ಗಾವಣೆಯ ಗುಪ್ತಸಂಖ್ಯೆ ಕೇಳಿ ಪಡೆಯಿರಿ. ಸಾಮಾನ್ಯವಾಗಿ ಹೊಸದಾಗಿ ಕೊಂಡ ಅಥವಾ ಈಗಷ್ಟೇ ವರ್ಗಾವಣೆಯಾದ ಡೊಮೇನನ್ನು 60 ದಿನ ಮತ್ತೆ ಕದಲಿಸಲು ಬಿಡುವುದಿಲ್ಲ, ಆ ಲೆಕ್ಕ ಇಟ್ಟುಕೊಂಡು ಹೊರಡಿ.

ನಮ್ಮಂಥ ಸಂಸ್ಥೆಗೆ ನೇರ ಮಾರಾಟದ ದೊಡ್ಡ ರಿಜಿಸ್ಟ್ರಾರ್ ಸಾಕು. ಉದ್ಯಮಗಳಿಗೆಂದಿರುವ ರಿಜಿಸ್ಟ್ರಾರ್‌ಗಳು ನೂರಾರು ಡೊಮೇನ್, ಹಲವು ದೇಶಗಳ ವ್ಯವಹಾರ, ನಕಲಿ ಹೆಸರುಗಳ ಮೇಲೆ ಹಗಲಿರುಳು ಕಣ್ಣು ಬೇಕಾದವರಿಗೆ. ಆದರೆ ಅವರು ಒತ್ತಿ ಹೇಳುವ ಒಂದು ಸೌಲಭ್ಯವನ್ನು ನಾವೂ ಕೇಳಬೇಕು: ರಿಜಿಸ್ಟ್ರಿ ಬೀಗ. ಸಾಮಾನ್ಯ ಬೀಗವನ್ನು ರಿಜಿಸ್ಟ್ರಾರ್ ಖಾತೆಗೆ ನುಗ್ಗಿದವನು ತೆಗೆಯಬಲ್ಲ. ಡಾಟ್ ಕಾಮ್, ಡಾಟ್ ಇನ್‌ನಂಥ ಒಂದೊಂದು ಕೊನೆಪದದ ಎಲ್ಲ ಹೆಸರುಗಳ ಮೂಲ ದಾಖಲೆ ಇಡುವ ಸಂಸ್ಥೆಯೇ ರಿಜಿಸ್ಟ್ರಿ, ಅದರ ಬೀಗ ಅದಕ್ಕೂ ಮೇಲಿನ ಮಟ್ಟದ್ದು. ಅದನ್ನು ತೆಗೆಯಲು ಗೊತ್ತುಪಡಿಸಿದ ವ್ಯಕ್ತಿಗಳನ್ನು ಪ್ರತ್ಯೇಕವಾಗಿ ಸಂಪರ್ಕಿಸಿ ಖಚಿತಪಡಿಸಿಕೊಳ್ಳುತ್ತಾರೆ. ಎಲ್ಲ ರಿಜಿಸ್ಟ್ರಾರ್‌ಗಳೂ ಎಲ್ಲ ಕೊನೆಪದಗಳಿಗೂ ಇದನ್ನು ಕೊಡುವುದಿಲ್ಲ. ಮುಖ್ಯ ಡೊಮೇನ್ ಒಂದಕ್ಕಾದರೂ ಸಿಗುವ ಕಡೆ ಹೋಗುವುದು ಒಳ್ಳೆಯದು.

ನವೀಕರಣ ತಪ್ಪುವುದು ಬಡವರಿಗಷ್ಟೇ ಬರುವ ರೋಗವಲ್ಲ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ಡೊಮೇನಿಗೆ ಹಣ ಕಟ್ಟಲು ಮರೆತು, ಅದರ ಮೂಲಕ ಲಾಗಿನ್ ಆಗುತ್ತಿದ್ದ ಹಾಟ್‌ಮೇಲ್ ಬಳಕೆದಾರರು ಪರದಾಡಿದಾಗ, ಹೊರಗಿನ ಒಬ್ಬ ಪ್ರೋಗ್ರಾಮರ್ ತನ್ನ ಕಿಸೆಯಿಂದ 35 ಡಾಲರ್ ಕಟ್ಟಿ ಸರಿಮಾಡಿದ. 2015ರಲ್ಲಿ ಗೂಗಲ್ ಡಾಟ್ ಕಾಮ್ ಎಂಬ ಹೆಸರೇ ಗೂಗಲ್‌ನ ಸ್ವಂತ ಡೊಮೇನ್ ಮಾರಾಟ ಸೇವೆಯಲ್ಲಿ 12 ಡಾಲರಿಗೆ ಒಬ್ಬ ಮಾಜಿ ಉದ್ಯೋಗಿಯ ಕೈಗೆ ಸಿಕ್ಕಿ, ಒಂದೇ ನಿಮಿಷದಲ್ಲಿ ಹಿಂದಕ್ಕೆ ಹೋಯಿತು.

ಡಾಟ್ ಕಾಮ್ ಅವಧಿ ಮುಗಿದ ಮೇಲೆ ನವೀಕರಿಸಲು 45 ದಿನಗಳವರೆಗೆ ಅವಕಾಶವಿರಬಹುದು. ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳುವ 30 ದಿನ, ಕೊನೆಗೆ ಏನೂ ಮಾಡಲಾಗದ 5 ದಿನ, ಅನಂತರ ಅದು ಮೊದಲು ಬಂದವರ ಪಾಲು. ಈ 45 ದಿನವನ್ನು ನಂಬಿ ಕೂರಬೇಡಿ. ಅನೇಕ ರಿಜಿಸ್ಟ್ರಾರ್‌ಗಳು ಅಷ್ಟರೊಳಗೇ ಹರಾಜಿಗೆ ಹಾಕುತ್ತಾರೆ. ಒಂದು ಡೊಮೇನನ್ನು ಗರಿಷ್ಠ 10 ವರ್ಷಕ್ಕೆ ಮುಂಗಡ ಕಟ್ಟಬಹುದು. ಮುಖ್ಯ ಡೊಮೇನಿಗೆ ಹತ್ತು ವರ್ಷ ಕಟ್ಟಿ, ಪ್ರತಿ ವರ್ಷ ಏಪ್ರಿಲ್‌ನಲ್ಲಿ ಒಂದೊಂದು ವರ್ಷ ಸೇರಿಸುತ್ತ ಹೋಗಿ.

ಇನ್ನೊಂದು ಬಲೆಯ ಬಗ್ಗೆ ಎಚ್ಚರಿಸಲೇಬೇಕು. ರಿಜಿಸ್ಟ್ರಾರ್ ಖಾತೆಯ ಇಮೇಲ್ ಅದೇ ಡೊಮೇನಿನಲ್ಲಿದ್ದರೆ, ಡೊಮೇನ್ ನಿಂತ ದಿನವೇ ಇಮೇಲೂ ನಿಲ್ಲುತ್ತದೆ. ಖಾತೆ ಬಿಡಿಸಿಕೊಳ್ಳುವ ಸಂದೇಶ ತಲುಪಲು ಜಾಗವೇ ಇರುವುದಿಲ್ಲ. ಅದಕ್ಕೆ ಬೇರೆ ಡೊಮೇನಿನ ಇಮೇಲ್ ಇಡಿ, ಇಬ್ಬರು ಅಧಿಕಾರಿಗಳಿಗೆ ತಲುಪುವಂತೆ ಇಡಿ.

ಖಾತೆಗೆ ಎರಡನೆಯ ಕಾವಲಾಗಿ ಏನನ್ನು ಇಡಬೇಕು ಎಂಬುದರಲ್ಲಿ ನಮ್ಮ ಹವೆಗೆ ತನ್ನದೇ ಮಾತಿದೆ. ಎಸ್‌ಎಂಎಸ್ ಓಟಿಪಿ ಬೇಡ. ಸಿಮ್ ಕದಿಯುವವರ ಭಯ ಒಂದು ಕಡೆಯಾದರೆ, ಜುಲೈ ತಿಂಗಳಲ್ಲಿ ಆಗುಂಬೆ, ಬಿದನೂರು ನಗರ ಕಡೆ ಕರೆಂಟು ಹೋಗಿ ಟವರ್ ಮಲಗಿದರೆ ಓಟಿಪಿ ಬರುವುದೇ ಇಲ್ಲ. ಫೋನಿನ ದೃಢೀಕರಣ ಆ್ಯಪ್ ಗಡಿಯಾರ ಮತ್ತು ಒಳಗಿನ ರಹಸ್ಯ ಸಂಖ್ಯೆಯಿಂದ ಆರಂಕಿಯನ್ನು ಲೆಕ್ಕ ಹಾಕಿ ಕೊಡುತ್ತದೆ, ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಯುಎಸ್‌ಬಿ ಭದ್ರತಾ ಕೀಲಿ ಇನ್ನೂ ಗಟ್ಟಿ. ಅದು ನಕಲಿ ಪುಟಕ್ಕೆ ಉತ್ತರವನ್ನೇ ಕೊಡುವುದಿಲ್ಲ. ನಮ್ಮಲ್ಲಿ ಎರಡು ಕೀಲಿಗಳಿವೆ. ಒಂದು ನನ್ನ ಬಳಿ, ಇನ್ನೊಂದು ಲಕೋಟೆಯಲ್ಲಿ ಮುದ್ರೆಯಾಗಿ ಮುಖ್ಯ ಕಚೇರಿಯ ತಿಜೋರಿಯಲ್ಲಿ.

ಕೊನೆಪದ ಯಾವುದು

ಇದರ ಮೇಲೆ ಜನ ಬಹಳ ಚರ್ಚಿಸುತ್ತಾರೆ, ನನಗೆ ಅಷ್ಟು ದೊಡ್ಡ ವಿಷಯವೆನಿಸುವುದಿಲ್ಲ. ಡಾಟ್ ಇನ್ ನಮ್ಮ ದೇಶದ್ದು, ನಿಕ್ಸಿ ಸಂಸ್ಥೆ ನೋಡಿಕೊಳ್ಳುತ್ತದೆ, ಜಗಳ ಬಂದರೆ ಇಲ್ಲಿಯದೇ ಪಂಚಾಯ್ತಿ ಇದೆ. ಮುಖ್ಯ ಹೆಸರಿಗೆ ಅದೇ ಇರಲಿ, ಡಾಟ್ ಕಾಮ್ ಕಾವಲಿಗೆ ಇರಲಿ. ಸಹಕಾರಿಗಳಿಗೆ ಮಾತ್ರ ಸಿಗುವ ಡಾಟ್ ಕೋಆಪ್ ಕೂಡ ಇದೆ. ನೋಂದಣಿಗೆ ಅರ್ಹತೆ ತೋರಿಸಬೇಕಾದ್ದರಿಂದ ಅದಕ್ಕೊಂದು ತೂಕವಿದೆ, ಆದರೆ ನಮ್ಮ ಸದಸ್ಯರ ಕಣ್ಣಿಗೆ ಅದು ಅಪರಿಚಿತ.

ನೀವು ಬ್ಯಾಂಕ್ ಆಗಿದ್ದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಸಹಕಾರಿ ಬ್ಯಾಂಕುಗಳೂ ಸೇರಿ ಎಲ್ಲ ಬ್ಯಾಂಕುಗಳಿಗೆ ಅದೇ ವರ್ಷದ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಕೊನೆಪದಕ್ಕೆ ಬದಲಾಗಲು ಸೂಚಿಸಿತು. ಅದನ್ನು ನೋಂದಾಯಿಸುವ ಅಧಿಕಾರ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಐಡಿಆರ್‌ಬಿಟಿಗೆ ಮಾತ್ರ. ಕಂಡವರಿಗೆಲ್ಲ ಸಿಗದ ಹೆಸರಾದ್ದರಿಂದ ಗ್ರಾಹಕ ಕೊನೆಯನ್ನು ನೋಡಿಯೇ ನಂಬಬಹುದು. ಮೂರನೆಯ ದಾರಿಯ ತತ್ವವನ್ನು ದೇಶದ ಮಟ್ಟದಲ್ಲಿ ಮಾಡಿದಂತೆ ಇದು, ನನಗೆ ತುಂಬ ಮೆಚ್ಚುಗೆಯಾದ ಹೆಜ್ಜೆ. ಕಾಲೇಜುಗಳಿಗೂ ಹೀಗೆಯೇ ಎಸಿ ಡಾಟ್ ಇನ್, ಇಡಿಯು ಡಾಟ್ ಇನ್ ಇವೆ, ಅವನ್ನು ಶಿಕ್ಷಣ, ಸಂಶೋಧನೆಯ ಜಾಲ ನಡೆಸುವ ಅರ್ನೆಟ್ ಸಂಸ್ಥೆ ಕೊಡುತ್ತದೆ.

ಕನ್ನಡ ಲಿಪಿಯಲ್ಲಿಯೇ ‘ಡಾಟ್ ಭಾರತ’ ಕೊನೆಪದವೂ ಇದೆ, ಹೆಸರನ್ನೂ ಕನ್ನಡದಲ್ಲಿ ಬರೆಯಬಹುದು. ನಮ್ಮ ಸಂಘದ ಹೆಸರನ್ನು ಹಾಗೆ ಪರದೆಯ ಮೇಲೆ ನೋಡಿದ ದಿನ ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಅದೊಂದನ್ನೇ ನಂಬಲು ಇನ್ನೂ ಕಾಲ ಬಂದಿಲ್ಲ. ಕನ್ನಡದ ಇಮೇಲ್ ವಿಳಾಸವನ್ನು ಎಷ್ಟೋ ಅರ್ಜಿ ಪುಟಗಳು ಒಪ್ಪುವುದಿಲ್ಲ. ಕೆಲವು ಕಡೆ ಹೆಸರು ‘ಎಕ್ಸ್‌ಎನ್’ ಎಂದು ಆರಂಭವಾಗುವ ಅರ್ಥವಾಗದ ಅಕ್ಷರಮಾಲೆಯಾಗಿ ಕಾಣುತ್ತದೆ. ಅನುಸ್ವಾರವೂ ಕನ್ನಡದ ಸೊನ್ನೆಯೂ ಕಣ್ಣಿಗೆ ಒಂದೇ, ತೆಲುಗಿನ ಹಲವು ಅಕ್ಷರಗಳು ನಮ್ಮವುಗಳ ಹಾಗೆಯೇ ಕಾಣುತ್ತವೆ, ನಕಲಿಯ ಭಯ ಅಲ್ಲೂ ಇದೆ. ಕೊಂಡು, ಮುಖ್ಯ ತಾಣಕ್ಕೆ ತಿರುಗಿಸಿ ಇಟ್ಟುಕೊಳ್ಳಿ.

ಪ್ರಮಾಣಪತ್ರ: ದುಡ್ಡಿನದೋ, ಪುಕ್ಕಟೆಯದೋ

ಮೊದಲೆಲ್ಲ ಹಣ ಕೊಟ್ಟು ದೊಡ್ಡ ಪ್ರಮಾಣಪತ್ರ ಕೊಂಡರೆ ಬ್ರೌಸರಿನಲ್ಲಿ ಸಂಸ್ಥೆಯ ಹೆಸರು ಹಸಿರಾಗಿ ಕಾಣುತ್ತಿತ್ತು. 2019ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಅದನ್ನು ವಿಳಾಸಪಟ್ಟಿಯಿಂದ ತೆಗೆದುಹಾಕಿದವು. ಈಗ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಉಚಿತವಾಗಿ ಕೊಡುವುದಕ್ಕೂ ಸಾವಿರಾರು ರೂಪಾಯಿಯದಕ್ಕೂ ಸದಸ್ಯರ ಕಣ್ಣಿಗೆ ಏನೂ ವ್ಯತ್ಯಾಸವಿಲ್ಲ. ಒಳಗಿನ ಗೂಢಲಿಪಿಯ ಬಲವೂ ಒಂದೇ. ಹಣ ಕೊಟ್ಟರೆ ಸಿಗುವುದು ಫೋನ್ ಎತ್ತುವ ಸಹಾಯವಾಣಿ, ಎಲ್ಲವನ್ನೂ ಒಂದೆಡೆ ತೋರಿಸುವ ಫಲಕ. ಕೆಲವು ಲೆಕ್ಕಪರಿಶೋಧಕರು ಕೇಳುವ ಸಂಸ್ಥಾ ಪರಿಶೀಲನೆಯೂ ಸಿಗುತ್ತದೆ.

ನಿಜವಾದ ಹೋಲಿಕೆ ಕೈಯಿಂದ ಹಾಕುವುದೋ ಸ್ವಯಂಚಾಲಿತವೋ ಎಂಬುದು. 2020ರಿಂದ ಒಂದು ಪ್ರಮಾಣಪತ್ರದ ಗರಿಷ್ಠ ಆಯಸ್ಸು 398 ದಿನವಿತ್ತು. ಬ್ರೌಸರ್ ಕಂಪನಿಗಳೂ ಪ್ರಮಾಣಪತ್ರ ಸಂಸ್ಥೆಗಳೂ ಸೇರಿದ ವೇದಿಕೆ 2025ರ ಏಪ್ರಿಲ್‌ನಲ್ಲಿ ತೀರ್ಮಾನಿಸಿದಂತೆ ಅದು 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಅಂದರೆ ಒಂದೊಂದು ಹೆಸರಿಗೂ ವರ್ಷಕ್ಕೆ ಎಂಟು ಬಾರಿ. ನಮ್ಮ ಹದಿನೇಳು ಡೊಮೇನ್, ಅವುಗಳ ಕೆಳಗಿನ ಶಾಖೆಗಳು ಎಂದು ಲೆಕ್ಕ ಹಾಕಿದಾಗ ಕೈಕೆಲಸದ ಮಾತು ಅಲ್ಲಿಗೇ ಮುಗಿಯಿತು. ಹಣ ಕೊಟ್ಟೇ ಕೊಳ್ಳಿ, ಆದರೆ ಎಸಿಎಂಇ ಎಂಬ ಸ್ವಯಂಚಾಲಿತ ಪದ್ಧತಿಯನ್ನು ಬೆಂಬಲಿಸದವರಿಂದ ಕೊಳ್ಳಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಅವಧಿ ಮುಗಿಯುವ ಮುನ್ನ ಕಳುಹಿಸುತ್ತಿದ್ದ ನೆನಪಿನ ಇಮೇಲನ್ನು 2025ರ ಜೂನ್‌ನಿಂದ ನಿಲ್ಲಿಸಿದೆ. ಕಾವಲು ಕಾಯುವ ವ್ಯವಸ್ಥೆ ನಮ್ಮದೇ ಇರಬೇಕು.

ಶಾಖೆಯಲ್ಲಿಯೇ ಸರ್ವರ್ ಇಟ್ಟವರಿಗೆ ಒಂದು ಮಾತು. ಮಳೆಗಾಲದಲ್ಲಿ ನಾಲ್ಕು ದಿನ ಸಂಪರ್ಕ ಹೋದಾಗಲೇ ನವೀಕರಣದ ದಿನ ಬಂದರೆ? ಆಯಸ್ಸಿನ ಮೂರನೇ ಎರಡು ಭಾಗ ಕಳೆಯುತ್ತಿದ್ದಂತೆ ಪ್ರಯತ್ನ ಆರಂಭವಾಗುವಂತೆ, ಸೋತರೆ ದಿನಕ್ಕೆರಡು ಬಾರಿ ಮತ್ತೆ ಪ್ರಯತ್ನಿಸುವಂತೆ ಇಡಿ. 47 ದಿನದ ಪತ್ರಕ್ಕೆ ಆಗಲೂ ಸುಮಾರು ಎರಡು ವಾರ ಕೈಯಲ್ಲಿರುತ್ತದೆ. ಎಲ್ಲ ಶಾಖೆಗೂ ಒಂದೇ ‘ನಕ್ಷತ್ರ’ ಪ್ರಮಾಣಪತ್ರ, ಅಂದರೆ ಡೊಮೇನಿನ ಕೆಳಗಿನ ಎಲ್ಲ ಸಬ್‌ಡೊಮೇನ್‌ಗಳಿಗೂ ಸಲ್ಲುವ ವೈಲ್ಡ್‌ಕಾರ್ಡ್ ಪತ್ರ, ಹಾಕುವುದು ಸುಲಭವೆನಿಸುತ್ತದೆ. ಆದರೆ ಅದರ ಖಾಸಗಿ ಕೀಲಿಯನ್ನು, ಅಂದರೆ ಗುಟ್ಟಾಗಿರಬೇಕಾದ ಸಂಕೇತದ ಕಡತವನ್ನು, ಹತ್ತು ಕಡೆ ಇಡಬೇಕಾಗುತ್ತದೆ, ಒಂದು ಕಡೆ ಕಳುವಾದರೆ ಹತ್ತೂ ಕಡೆ ಕಳುವಾದಂತೆ. ಬಿಡಿಬಿಡಿಯಾಗಿ ಪಡೆಯಿರಿ, ಹೇಗೂ ಯಂತ್ರವೇ ಮಾಡುತ್ತದೆ.

ಯಾರು ಪ್ರಮಾಣಪತ್ರ ಕೊಡಬಹುದು ಎಂಬುದನ್ನೂ ನಾವೇ ಹೇಳಬಹುದು. 2011ರಲ್ಲಿ ಡಚ್ ಸಂಸ್ಥೆ ಡಿಜಿನೋಟಾರ್‌ಗೆ ಕನ್ನ ಹಾಕಿದವರು ಗೂಗಲ್ ಹೆಸರಿಗೆ ನಕಲಿ ಪ್ರಮಾಣಪತ್ರ ಮಾಡಿಸಿಕೊಂಡರು, ಆ ಸಂಸ್ಥೆ ಕೆಲವೇ ತಿಂಗಳುಗಳಲ್ಲಿ ದಿವಾಳಿಯಾಯಿತು. 2014ರಲ್ಲಿ ನಮ್ಮ ದೇಶದ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯ ಪ್ರಮಾಣಪತ್ರ ವಿಭಾಗದಿಂದಲೂ ಗೂಗಲ್ ಹೆಸರುಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿದ್ದವು. ಡಿಎನ್‌ಎಸ್‌ನಲ್ಲಿ ಸಿಎಎ ಎಂಬ ದಾಖಲೆ ಬರೆದು ‘ನಮಗೆ ಇಂಥವರು ಮಾತ್ರ ಕೊಡಬೇಕು’ ಎನ್ನಬಹುದು. ಕೊಡುವ ಮುನ್ನ ಅದನ್ನು ನೋಡುವುದು 2017ರ ಸೆಪ್ಟೆಂಬರ್‌ನಿಂದ ಎಲ್ಲ ಪ್ರಮಾಣಪತ್ರ ಸಂಸ್ಥೆಗಳಿಗೂ ಕಡ್ಡಾಯ. ಒಂದೇ ಸಾಲು, ಖರ್ಚಿಲ್ಲ. ಇದನ್ನು ಮುಖ್ಯ ಡೊಮೇನಿಗೆ ಬರೆದರೆ, ತಮ್ಮದೇ ಸಾಲು ಬರೆದುಕೊಳ್ಳದ ಎಲ್ಲ ಶಾಖೆಗಳಿಗೂ ಅನ್ವಯಿಸುತ್ತದೆ.

ಇಮೇಲ್

ಒಂದೇ ಸೂರಿನ ಲಾಭ ಇಲ್ಲಿಯೂ ಕಾಣುತ್ತದೆ. ಎಸ್‌ಪಿಎಫ್ ನಮ್ಮ ಪರವಾಗಿ ಯಾವ ಸರ್ವರ್‌ಗಳು ಪತ್ರ ಕಳುಹಿಸಬಹುದೆಂದು ಹೇಳುತ್ತದೆ, ಡಿಕಿಮ್ ಪತ್ರಕ್ಕೆ ರುಜು ಹಾಕುತ್ತದೆ, ಡಿಮಾರ್ಕ್ ಇವೆರಡೂ ಹೊಂದದ ಪತ್ರವನ್ನು ಏನು ಮಾಡಬೇಕೆಂದು ಹೇಳುತ್ತದೆ. ಡಿಮಾರ್ಕ್‌ನಲ್ಲಿ ಮೂರು ಹಂತ: ಸುಮ್ಮನೆ ವರದಿ ಮಾಡು, ಸ್ಪ್ಯಾಮ್‌ಗೆ ಹಾಕು, ತಿರಸ್ಕರಿಸು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಡಿಮಾರ್ಕ್ ಇರಲೇಬೇಕೆಂದು ಜಿಮೇಲ್ 2024ರ ಫೆಬ್ರವರಿಯಿಂದ ಹೇಳಿದೆ. ಹೆಚ್ಚಿನವರು ಮೊದಲ ಹಂತದಲ್ಲಿಯೇ ನಿಂತುಬಿಡುತ್ತಾರೆ, ಅದರಿಂದ ಒಂದು ನಕಲಿ ಪತ್ರವೂ ನಿಲ್ಲುವುದಿಲ್ಲ. ಮೂರು ತಿಂಗಳು ವರದಿ ಓದಿ, ಮರೆತುಹೋದ ಕಳುಹಿಸುವವರನ್ನು ಸೇರಿಸಿ, ತಿರಸ್ಕಾರದ ಹಂತಕ್ಕೆ ಹೋಗಿ. ವರದಿಯಲ್ಲಿ ನಮಗೆ ಸಿಕ್ಕ ಮರೆತುಹೋದವರು ಕೊಪ್ಪ ಶಾಖೆಯ ಹಳೆಯ ರಸೀದಿ ಯಂತ್ರ. ಅದನ್ನು ಮೊದಲೇ ನೋಡದಿದ್ದರೆ ಆ ಶಾಖೆಯ ರಸೀದಿಗಳೆಲ್ಲ ಒಂದೇ ದಿನ ನಿಂತುಹೋಗುತ್ತಿದ್ದವು. ಇಮೇಲ್ ಕಳುಹಿಸದ ಡೊಮೇನ್‌ಗಳಿಗೆ ಮೊದಲ ದಿನವೇ ತಿರಸ್ಕಾರ ಬರೆಯಿರಿ.

ಕಳೆದುಕೊಂಡದ್ದನ್ನು ಮರಳಿ ಪಡೆಯುವುದು

ಇಸ್ಪೀಟಿನವರ ಕೈ ಸೇರಿದ ಹಳೆಯ ಹೆಸರಿಗೆ ನಮ್ಮ ಮುಂದೆ ಮೂರು ಆಯ್ಕೆಗಳಿದ್ದವು. ಅವರಿಂದಲೇ ಕೊಳ್ಳುವುದು, ನ್ಯಾಯಾಲಯ, ಅಥವಾ ಡಾಟ್ ಇನ್‌ಗೆಂದೇ ಇರುವ ಐಎನ್‌ಡಿಆರ್‌ಪಿ ಎಂಬ ಮಧ್ಯಸ್ಥಿಕೆ. ಡಾಟ್ ಕಾಮ್ ಆಗಿದ್ದರೆ 1999ರಿಂದ ಇರುವ ಯುಡಿಆರ್‌ಪಿ. ಮಧ್ಯಸ್ಥಿಕೆಯಲ್ಲಿ ಹೆಸರು ನಮ್ಮ ಗುರುತನ್ನು ಹೋಲುತ್ತದೆ, ಎದುರಾಳಿಗೆ ಅದರಲ್ಲಿ ನ್ಯಾಯವಾದ ಹಕ್ಕಿಲ್ಲ, ದುರುದ್ದೇಶವಿದೆ ಎಂಬುದನ್ನು ತೋರಿಸಬೇಕು. ಗೆದ್ದರೆ ಹೆಸರು ಬರುತ್ತದೆ, ಪರಿಹಾರಧನದ ಆಸೆ ಬೇಡ. ಕೊಳ್ಳುವುದು ಬೇಗ ಮುಗಿಯುತ್ತಿತ್ತು, ಆದರೆ ಸದಸ್ಯರ ಹಣವನ್ನು ಅಂಥವರಿಗೆ ಕೊಡಲು ಆಡಳಿತ ಮಂಡಳಿ ಒಪ್ಪಲಿಲ್ಲ, ನನಗೂ ಅದೇ ಸರಿ ಕಂಡಿತು. ಮಧ್ಯಸ್ಥಿಕೆಗೆ ಹೋದೆವು. ಹಳೆಯ ಪಾಸ್‌ಪುಸ್ತಕಗಳು, ವಾರ್ಷಿಕ ವರದಿಯ ಮುಖಪುಟಗಳು, ಹಳೆಯ ಕಾಗುಣಿತದ ನೋಂದಣಿ ಪತ್ರ, ಎಲ್ಲವನ್ನೂ ಸಾಕ್ಷಿಯಾಗಿ ಇಟ್ಟೆವು. ಫೋನ್ ಮಾಡಿದ್ದ ಆ ಹಿರಿಯರು ತಮ್ಮ ಪಾಸ್‌ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಾವೇ ತಂದುಕೊಟ್ಟರು.

ಹೆಸರು ಮರಳಿ ಬಂತು. ಈಗ ಅದರಲ್ಲಿ ಬೇರೆ ಪುಟವಿಲ್ಲ, ಒತ್ತಿದವರನ್ನು ನೇರ ಇಂದಿನ ಧಾರಣೆಯ ಪುಟಕ್ಕೆ ಕರೆತರುತ್ತದೆ. ರಿಜಿಸ್ಟರ್ ಪುಸ್ತಕದ ಮೊದಲ ಸಾಲು ಅದರದು: ಖಾತೆ ಸಂಘದ ಹೆಸರಿನಲ್ಲಿ, ಅವಧಿ ಹತ್ತು ವರ್ಷ, ಹೊಣೆ ಇಬ್ಬರ ಮೇಲೆ.